ರೀಲು ತೊಳೆಯುತ್ತಿದ್ದ ಓನರಮ್ಮ

ಅವರ ಬಲಗೈಯ ಮೂರು ಬೆರಳಿನ ಉಗುರುಗಳು ಕಷಾಯದ ಬಣ್ಣಕ್ಕೆ ತಿರುಗಿದ್ದವು. ಗೋರಂಟಿಯ ಕೆಂಪಲ್ಲ, ಎಲೆಅಡಿಕೆಯ ಕಲೆಯೂ ಅಲ್ಲ. ಎಷ್ಟು ತಿಕ್ಕಿದರೂ ಹೋಗದ, ಉಗುರಿನ ಒಳಗಿನಿಂದಲೇ ಬಂದಂತಿದ್ದ ಕಂದು. ಚಳ್ಳಕೆರೆಗೆ ವರ್ಗವಾಗಿ ಬಂದು ಬಾಡಿಗೆ ಮನೆ ಹುಡುಕುತ್ತಾ ಆ ಬಾಗಿಲು ತಟ್ಟಿದ ದಿನ, ಮಹಡಿಯ ಕೀಲಿ ಕೊಡಲು ಚಾಚಿದ ಆ ಕೈಯನ್ನೇ ನಾನು ಮೊದಲು ನೋಡಿದ್ದು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಇಂಥ ಬಣ್ಣ ಯಾವ ರಾಸಾಯನಿಕದ್ದಿರಬಹುದು ಎಂದು ಯೋಚಿಸುತ್ತಲೇ ಮೆಟ್ಟಿಲು ಹತ್ತಿದೆ.

ಬೀದಿಯವರೆಲ್ಲ ಅವರನ್ನು ಸ್ಟುಡಿಯೋದಮ್ಮ ಎನ್ನುತ್ತಿದ್ದರು. ನನಗೆ ಮಾತ್ರ ಅವರು ಮೊದಲ ದಿನದಿಂದ ಕೊನೆಯವರೆಗೂ ಓನರಮ್ಮ. ನನ್ನನ್ನು ಅವರು ಮಿಸ್ಸೇ ಎಂದು ಕರೆಯುತ್ತಿದ್ದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಆ ಕರೆಯಲ್ಲಿ ಸ್ವಲ್ಪ ಗೌರವ, ಸ್ವಲ್ಪ ತಮಾಷೆ ಎರಡೂ ಇರುತ್ತಿತ್ತು.

ಒಂದು ಭಾನುವಾರ ಬಟ್ಟೆ ಒಗೆಯಲು ಹಿತ್ತಲಿಗೆ ಇಳಿದಾಗ ಮೋರಿಯ ಕಡೆಯಿಂದ ಹುಳಿ ವಾಸನೆ ಬಂತು. ಶಾಲೆಯ ಲ್ಯಾಬಿನಲ್ಲಿ ನನಗೆ ಚಿರಪರಿಚಿತವಾದ ವಾಸನೆ. ಬಚ್ಚಲಿನ ಬಾಗಿಲ ಸಂದಿಗೆ ಹಳೇ ಕಂಬಳಿ ತುರುಕಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಓನರಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರು, ಕೈಯಲ್ಲಿ ನೀರು ತೊಟ್ಟಿಕ್ಕುವ ಒಂದು ಫೋಟೋ. ಅದರಲ್ಲಿ ಎದುರು ಮನೆಯ ಹಾಲು ಹಾಕುವವಳು ಕ್ಯಾನಿನ ಮೇಲೆ ಮೊಣಕೈ ಊರಿ ನಗುತ್ತಿದ್ದಳು. ಕಪ್ಪು ಬಿಳುಪು. ಆ ನಗುವಿನಲ್ಲಿ ಅವಳ ಒಂದು ಹಲ್ಲು ಮುರಿದಿದ್ದು ಕೂಡ ಕಾಣುತ್ತಿತ್ತು. ನಾನು ದಿನಾ ಅವಳಿಂದ ಹಾಲು ಹಾಕಿಸಿಕೊಳ್ಳುತ್ತಿದ್ದೆ. ಆ ಹಲ್ಲನ್ನು ಅವತ್ತಿನವರೆಗೆ ನೋಡಿರಲಿಲ್ಲ.

ಅಂದಿನಿಂದ ನನ್ನ ಭಾನುವಾರಗಳು ಕೆಳಗಿನ ಮನೆಯಲ್ಲಿ ಕಳೆಯತೊಡಗಿದವು.

ಅವರ ಯಜಮಾನರು ಊರಿನಲ್ಲಿ ಸ್ಟುಡಿಯೋ ಇಟ್ಟವರು. ಫೋಟೋ ತೆಗೆಯುವುದು ಅವರ ಕೆಲಸ, ರೀಲು ತೊಳೆದು ಪ್ರಿಂಟು ಹಾಕುವುದು ಇವರ ಕೆಲಸ. ಮದುವೆಯಾಗಿ ಬಂದ ಆರನೇ ತಿಂಗಳಿಗೇ ಬಚ್ಚಲಿನಲ್ಲಿ ಕೆಂಪು ಬಲ್ಬು ಹಾಕಿಕೊಟ್ಟು ಗಂಡ ಕಲಿಸಿದ್ದರಂತೆ. ಸುತ್ತಲಿನ ಹಳ್ಳಿಗಳ ಮದುವೆ, ನಾಮಕರಣ, ಹೊಸ ಟ್ರ್ಯಾಕ್ಟರಿನ ಪೂಜೆ ಎಲ್ಲವನ್ನೂ ಇವರು ಕಂಡದ್ದು ಆ ಕೆಂಪು ಬೆಳಕಿನಲ್ಲಿ, ತಟ್ಟೆಯ ನೀರಿನಡಿಯಲ್ಲಿ ನಿಧಾನಕ್ಕೆ ಮೂಡುವ ಚಿತ್ರವಾಗಿ. ಕಾಲ ಬದಲಾಯಿತು, ಸ್ಟುಡಿಯೋ ಮುಚ್ಚಿತು, ಆ ಜಾಗಕ್ಕೆ ಮೊಬೈಲ್ ಅಂಗಡಿ ಬಂತು. ಯಜಮಾನರೂ ತೀರಿಕೊಂಡರು. ಆಮೇಲೆ ಒಂದು ದಿನ ಇವರು ಬೀರುವಿನಿಂದ ಗಂಡನ ಕ್ಯಾಮೆರಾ ತೆಗೆದು, ಜೀವನದಲ್ಲಿ ಮೊದಲ ಸಲ ತಾವೇ ಒಂದು ಫೋಟೋ ತೆಗೆದರು. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಿ ತೆಗೆಯುವ ಹಳೆಯ ಕ್ಯಾಮೆರಾ ಅದು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಎಲ್ಲರ ಕೈಯಲ್ಲೂ ಫೋನು ಇರುವಾಗ ಇದೇಕಮ್ಮ ಎಂದು ಬೀದಿಯವರು ಕೇಳಿದರೆ, ಫೋನಿನಲ್ಲಿ ತೆಗೆದದ್ದನ್ನು ನೀವು ಎರಡನೇ ಸಲ ನೋಡುತ್ತೀರಾ ಎಂದು ತಿರುಗಿ ಕೇಳುತ್ತಿದ್ದರು.

ಬೆಂಗಳೂರಿನಿಂದ ಕೊರಿಯರ್‌ನಲ್ಲಿ ರೀಲು ತರಿಸುವುದು ನನ್ನ ಪಾಲಿಗೆ ಬಂತು. ರೀಲು ತೊಳೆಯುವುದನ್ನು ಅವರು ನನಗೆ ಹೇಳಿಕೊಟ್ಟರು. ತೋಳು ಮಾತ್ರ ತೂರುವಂಥ ಕರಿ ಚೀಲದೊಳಗೆ ಕೈ ಹಾಕಿ, ಕಣ್ಣಿಗೆ ಕಾಣದಂತೆ ರೀಲನ್ನು ಬಿಚ್ಚಿ ಸುರುಳಿಗೆ ಸುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಬೇಕು. ಆಮೇಲೆ ಅವರ ಉಗುರಿಗೆ ಕಂದು ಹತ್ತಿಸಿದ ಆ ಡೆವಲಪರ್ ಹಾಕಿ ಒಂಬತ್ತು ನಿಮಿಷ. ಅದನ್ನು ಚೆಲ್ಲಿ ನೀರು. ಆಮೇಲೆ ಹೈಪೋ. ಡೆವಲಪರ್ ಚಿತ್ರವನ್ನು ಮೂಡಿಸುತ್ತದೆ, ಹೈಪೋ ಅದನ್ನು ನಿಲ್ಲಿಸುತ್ತದೆ. ನಾನು ಅಣು, ಲವಣ ಎಂದು ವಿವರಿಸಲು ಹೋದರೆ ಅವರು ಕೇಳಿಸಿಕೊಂಡು, ಅದೆಲ್ಲ ಸರಿ, ಈಗ ಡಬ್ಬಿ ಅಲ್ಲಾಡಿಸಿ ಎನ್ನುತ್ತಿದ್ದರು.

ಒಂದು ಅಭ್ಯಾಸ ಮಾತ್ರ ನನಗೆ ವಿಚಿತ್ರವೆನಿಸುತ್ತಿತ್ತು. ಬಾಟಲಿಗಳ ಮೇಲೆ ಉಗುರುಬಣ್ಣದಲ್ಲಿ ಒಂದು, ಎರಡು ಎಂದು ಅಂಗೈಯಗಲ ಬರೆದಿಟ್ಟಿದ್ದರು. ಅಷ್ಟಾದರೂ ಸುರಿಯುವ ಮೊದಲು ಪ್ರತಿ ಸಲ ಮುಚ್ಚಳ ತೆಗೆದು ಮೂಸಿ, ಗಟ್ಟಿಯಾಗಿ, ಶಾಲೆಯ ಮಕ್ಕಳು ಮಗ್ಗಿ ಹೇಳಿದಂತೆ, “ಒಂದು, ಡೆವಲಪರ್” ಎನ್ನುತ್ತಿದ್ದರು. “ಎರಡು, ಹೈಪೋ.” ಅಷ್ಟು ವರ್ಷ ಮಾಡಿದ ಕೈಗೆ ಇದು ಯಾಕೆ ಬೇಕು ಎಂದು ಒಮ್ಮೆ ಕೇಳಿದೆ. ಬೇಕು ಎಂದರು, ಅಷ್ಟೇ.

ಅವರಿಂದ ನಾನು ರೀಲು ಕಲಿತರೆ, ನನ್ನಿಂದ ಅವರು ಸ್ಕ್ಯಾನಿಂಗ್ ಕಲಿತರು. ಮುಚ್ಚಿಹೋಗುತ್ತಿದ್ದ ಒಂದು ಜೆರಾಕ್ಸ್ ಅಂಗಡಿಯಿಂದ ಮುಚ್ಚಳದಲ್ಲಿ ದೀಪವಿರುವ ಸ್ಕ್ಯಾನರ್ ತಂದು ಅವರ ಊಟದ ಮೇಜಿನ ಮೇಲಿಟ್ಟಿದ್ದೆ. ನೆಗೆಟಿವ್ ಇಟ್ಟು ಗುಂಡಿ ಒತ್ತಿದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಕಪ್ಪೆಲ್ಲ ಬಿಳಿಯಾಗಿ, ಬಿಳಿಯೆಲ್ಲ ಕಪ್ಪಾಗಿ ಮನುಷ್ಯರು ಕಾಣಿಸಿಕೊಳ್ಳುತ್ತಿದ್ದರು. ಮೊದಮೊದಲು ಅವರಿಗೆ ನಂಬಿಕೆಯಿರಲಿಲ್ಲ, ನೀರೇ ಇಲ್ಲದೆ ಅದೆಂಥ ಫೋಟೋ ಎಂದರು. ಚಿತ್ರವನ್ನು ಹಿಗ್ಗಿಸಿ ನೋಡಬಹುದೆಂದು ಗೊತ್ತಾದ ಮೇಲೆ ನನ್ನ ಕೈಗೆ ಲ್ಯಾಪ್‌ಟಾಪ್ ಸಿಗುವುದೇ ಕಷ್ಟವಾಯಿತು. ಯಾರದೋ ಮದುವೆಯ ಗುಂಪಿನಲ್ಲಿ ಹಿಂದೆ ನಿಂತವರ ಮುಖಗಳನ್ನು ಒಂದೊಂದಾಗಿ ದೊಡ್ಡದು ಮಾಡಿ, ಇವಳಿಗೆ ಸಿಟ್ಟು ಬಂದೈತೆ ನೋಡ್ರಿ, ಇವನು ಊಟಕ್ಕೆ ಕಾಯ್ತಾವ್ನೆ ಎಂದು ನಗುತ್ತಿದ್ದರು. ನಗುವಾಗ ಅವರ ಹೆಗಲು ಕುಣಿಯುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಮಾಘ ಮಾಸದ ಒಂದು ಭಾನುವಾರ. ಅವರು ಅಡುಗೆಕಟ್ಟೆಯ ಹತ್ತಿರ ನಿಂತು ಡಬ್ಬಿ ಅಲ್ಲಾಡಿಸುತ್ತಿದ್ದರು. ನಾನು ಯಜಮಾನರ ಕಾಲದ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಿದ್ದೆ. ಪರದೆಯ ಮೇಲೆ ಒಬ್ಬ ಮದುಮಗಳು ಬಂದಳು, ಬಾಸಿಂಗದ ಕೆಳಗೆ ಹೆದರಿದ ಕಣ್ಣು. ಅದನ್ನು ನೋಡಿ ನನಗೆ ನನ್ನ ಚಿಕ್ಕಮ್ಮನ ನೆನಪಾಯಿತು. ಸುಮ್ಮನೆ ಮಾತಿಗೆಂದು ಹೇಳತೊಡಗಿದೆ.

ನಮ್ಮಜ್ಜನ ಮನೆ ಪರಶುರಾಂಪುರ. ಅಜ್ಜ ಮಗ್ಗ ಬಿಟ್ಟು ಶೇಂಗಾ ಬೆಳೆಯಲು ನಿಂತವರು. ಚಿಕ್ಕಮ್ಮನನ್ನು ಮಾತ್ರ ಮೊಳಕಾಲ್ಮೂರಿನ ರೇಷ್ಮೆ ನೇಯುವ ಮನೆಗೆ ಕೊಟ್ಟರು. ಮದುವೆ ನಡೆದದ್ದು ಪರಶುರಾಂಪುರದಲ್ಲಿ. ಫೋಟೋದವನು ಬಂದಿದ್ದ, ತೆಗೆದಿದ್ದ, ಆದರೆ ಒಂದೂ ಬೀಳಲಿಲ್ಲ, ಕ್ಯಾಮೆರಾ ಕೆಟ್ಟಿತ್ತಂತೆ. ಚಿಕ್ಕಮ್ಮನ ಅತ್ತೆ ಇದನ್ನು ಹಿಡಿದುಕೊಂಡರು. ಕ್ಯಾಮೆರಾವನ್ನೂ ಕೆಡಿಸಿದ ಕಾಲ್ಗುಣ ಎಂದರು. ಮಗ್ಗದಲ್ಲಿ ಎಳೆ ಹರಿದರೆ, ಸೀರೆಗೆ ಬಣ್ಣ ಸರಿಯಾಗಿ ಹತ್ತದಿದ್ದರೆ, “ಫೋಟೋದಾಗೂ ಬೀಳದ ಮುಖ” ಎಂಬ ಮಾತು ತಯಾರಿರುತ್ತಿತ್ತು. ಮೂವತ್ತೈದು ವರ್ಷವಾಯಿತು. ಇವತ್ತಿಗೂ ಯಾರಾದರೂ ಫೋನು ಎತ್ತಿದರೆ ಚಿಕ್ಕಮ್ಮ ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋಗಿಬಿಡುತ್ತಾಳೆ. ನಮ್ಮ ಮನೆಯ ಯಾವ ಗ್ರೂಪ್ ಫೋಟೋದಲ್ಲೂ ಅವಳಿಲ್ಲ. ನಮಗೆಲ್ಲ ಅದೊಂದು ತಮಾಷೆ.

ಹೇಳುತ್ತಾ ಹೇಳುತ್ತಾ ಗಮನಿಸಿದೆ, ಡಬ್ಬಿಯ ಸದ್ದು ನಿಂತಿತ್ತು.

ಯಾವ ಸ್ಟುಡಿಯೋದವರು ಬಂದಿದ್ದರು ಎಂದು ಓನರಮ್ಮ ಕೇಳಿದರು. ಚಳ್ಳಕೆರೆಯಿಂದ ಎಂದಷ್ಟೇ ನನಗೆ ಗೊತ್ತಿತ್ತು. ಮದುವೆ ದೇವಸ್ಥಾನದಲ್ಲೋ ಮನೆಯ ಮುಂದೋ ಎಂದರು. ಮನೆಯ ಮುಂದೆ, ಬೇವಿನ ಮರದ ಕೆಳಗೆ ಚಪ್ಪರ ಹಾಕಿದ್ದರಂತೆ ಎಂದೆ. ಅವರು ಗಡಿಯಾರ ನೋಡಿ, ಒಂದು ನಿಮಿಷ ಇರಿ ಎಂದು ಸನ್ನೆ ಮಾಡಿದರು. ಡೆವಲಪರ್ ಚೆಲ್ಲಿದರು, ನೀರು ಹಾಕಿದರು, ಎರಡನೇ ಬಾಟಲಿ ಮೂಸಿ ಹೈಪೋ ಸುರಿದರು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಎದುರಿನ ಕುರ್ಚಿಯಲ್ಲಿ ಕೂತರು.

“ಕ್ಯಾಮೆರಾ ಕೆಟ್ಟಿರಲಿಲ್ಲ, ಮಿಸ್ಸೇ,” ಎಂದರು. “ಆ ರೀಲು ಕೆಡಿಸಿದ್ದು ನಾನು.”

ಆಗ ಅವರ ಮಗಳು ಹೊಟ್ಟೆಯಲ್ಲಿದ್ದಳು, ಮೂರನೇ ತಿಂಗಳು. ಯಾವ ವಾಸನೆಯೂ ಆಗದು, ಬಚ್ಚಲಿಗೆ ಹೋದರೆ ವಾಂತಿ. ಪರಶುರಾಂಪುರದಲ್ಲಿ ಬೇವಿನ ಮರದ ಚಪ್ಪರದಡಿ ತೆಗೆದದ್ದೆಂದು ಯಜಮಾನರು ಹೇಳಿದ್ದ ಮದುವೆಯ ರೀಲುಗಳು ಬಂದಿದ್ದವು, ಹೆಣ್ಣಿನ ಕಡೆಯವರು ಬೇಗ ಬೇಕೆಂದಿದ್ದರು. ಆಗೆಲ್ಲ ಎರಡು ಬಾಟಲಿಯೂ ಒಂದೇ ಥರ ಇರುತ್ತಿದ್ದವು, ಕತ್ತಲಲ್ಲಿ ಮೂಗಿನಿಂದಲೇ ಗುರುತು ಹಿಡಿಯುತ್ತಿದ್ದರು. ಅವತ್ತು ಸಂಕಟ ತಡೆಯಲಾರದೆ ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋದರು. ಮೊದಲು ಹೈಪೋ ಹಾಕಿಬಿಟ್ಟರು. ಹೈಪೋ ಮೊದಲು ಬಿದ್ದರೆ ಮುಗಿಯಿತು. ಮೂಡುವ ಮೊದಲೇ ಎಲ್ಲ ತೊಳೆದುಹೋಗುತ್ತದೆ. ಬೆಳಕಿಗೆ ಹಿಡಿದಾಗ ರೀಲುಗಳು ಗಾಜಿನಂತೆ ಖಾಲಿಯಾಗಿದ್ದವು. ಅಳುತ್ತಾ ಕೂತ ಹೆಂಡತಿಯನ್ನು ಯಜಮಾನರು ಸಮಾಧಾನ ಮಾಡಿ, ಕ್ಯಾಮೆರಾ ಕೆಟ್ಟಿತ್ತೆಂದು ಹೇಳಿ ಬರುತ್ತೇನೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರಂತೆ. ಹೋಗಿ ಹಾಗೇ ಹೇಳಿದರು.

“ಕ್ಯಾಮೆರಾ ಮ್ಯಾಲೆ ಹಾಕಿದ್ರೆ ಯಾರಿಗೂ ನೋವಾಗಲ್ಲ ಅಂದ್ಕಂಡ್ವಿ,” ಎಂದರು ಓನರಮ್ಮ. “ಅದು ಹೋಗಿ ಆ ಹುಡುಗಿ ಮ್ಯಾಲೆ ಬಿದ್ದೈತೆ ಅಂತ ನಮಗೇನು ಗೊತ್ತು.”

ನಾನು ಏನೇನೋ ಸಮಾಧಾನ ಹೇಳಿದೆ. ಹಳೇ ಮಾತು, ಚಿಕ್ಕಮ್ಮನೇ ಮರೆತಿರುತ್ತಾಳೆ ಎಂದೆ. ಮರೆತವರು ಒಳಗೆ ಹೋಗಿ ನಿಲ್ಲುತ್ತಾರಾ ಎಂದು ಅವರು ಕೇಳಿದರು.

ಎರಡು ವಾರ ಅವರು ಆ ವಿಷಯ ಎತ್ತಲಿಲ್ಲ. ಮೂರನೇ ಭಾನುವಾರ ಬೆಳಿಗ್ಗೆ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಕ್ಯಾಮೆರಾ ಹೆಗಲಿಗೆ. ಪಕ್ಕದಲ್ಲಿ ತರಕಾರಿಯ ವೈರ್ ಬುಟ್ಟಿ; ಅದರೊಳಗೆ ಡಬ್ಬಿ, ಕರಿ ಚೀಲ, ಥರ್ಮಾಮೀಟರ್, ಎರಡು ಬಾಟಲಿ. ಮೊಳಕಾಲ್ಮೂರಿಗೆ ಹೋಗಾಣ ನಡೀರಿ ಎಂದರು.

ಬಸ್ಸಿನಲ್ಲಿ ಬುಟ್ಟಿಯನ್ನು ಕೆಳಗೆ ಇಡಲು ಒಪ್ಪದೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಬಂಡೆಗುಡ್ಡಗಳು ಕಾಣತೊಡಗಿದಾಗ ಒಂದೇ ಪ್ರಶ್ನೆ ಕೇಳಿದರು: ಆ ಅತ್ತೆ ಇನ್ನೂ ಬದುಕಿದ್ದಾರಾ? ಇದ್ದಾರೆ ಎಂದೆ. ಎಂಬತ್ತು ದಾಟಿದೆ, ಕಿವಿ ಮಂದ, ಆದರೆ ಇವತ್ತಿಗೂ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾರೆ. ಸರಿ ಎಂದು ತಲೆಯಾಡಿಸಿದರು.

ಚಿಕ್ಕಮ್ಮನ ಮನೆಯ ಮುಂದಿನ ಕೋಣೆಯೆಂದರೆ ಮಗ್ಗವೇ. ಚಿಕ್ಕಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಮೂಲೆಯಲ್ಲಿ ಮುದುಕಿ ರಾಟೆ ತಿರುಗಿಸುತ್ತಾ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದರು. ಚಿಕ್ಕಮ್ಮ ನನ್ನನ್ನು ನೋಡಿ ಸಂಭ್ರಮದಿಂದ ಎದ್ದವಳು, ಹಿಂದೆ ಬಂದವರ ಹೆಗಲಿನ ಕ್ಯಾಮೆರಾ ಕಂಡು ಕಾಫಿ ಇಡ್ತೀನಿ ಎಂದು ಒಳಕ್ಕೆ ತಿರುಗಿದಳು.

“ಕಾಫಿ ಆಮ್ಯಾಕೆ, ತಾಯಿ,” ಎಂದರು ಓನರಮ್ಮ. “ಒಂದು ಮಾತು ಹೇಳಕ್ಕೆ ಬಂದಿದೀನಿ. ನಿಂತು ಕೇಳು.”

ನಿಂತಲ್ಲೇ ಹೇಳಿದರು. ಬಸಿರು, ಸಂಕಟ ಎಂದು ಶುರು ಮಾಡಲಿಲ್ಲ. ನಿನ್ನ ಮದುವೆಯ ಫೋಟೋಗಳೆಲ್ಲ ಬಿದ್ದಿದ್ದವು, ನಾನು ಔಷಧಿ ತಪ್ಪು ಹಾಕಿ ಕೆಡಿಸಿದೆ, ನಮ್ಮ ಯಜಮಾನರು ನನ್ನನ್ನು ಉಳಿಸಲು ಸುಳ್ಳು ಹೇಳಿದರು, ಇಷ್ಟೇ. ಚಿಕ್ಕಪ್ಪನ ಲಾಳಿ ನಿಂತಿತು. ಅವರು ಹೆಂಡತಿಯ ಮುಖ ನೋಡಿದರು.

ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನಾನು ಎಂದೂ ಕೇಳಿರದ ಸ್ಥಿರವಾದ ದನಿಯಲ್ಲಿ ಹೇಳಿದಳು:

“ಇದನ್ನ ನಮ್ಮತ್ತೆಗೆ ಹೇಳ್ರಿ. ಜೋರಾಗಿ ಹೇಳ್ರಿ, ಅವ್ರಿಗೆ ಕಿವಿ ಕೇಳ್ಸಲ್ಲ.”

ಓನರಮ್ಮನಿಗೆ ಮೊಣಕಾಲು ನೋವು. ಗೋಡೆ ಹಿಡಿದು ನಿಧಾನಕ್ಕೆ ರಾಟೆಯ ಪಕ್ಕ ಕೂತರು. ಮುದುಕಿ ಯಾರಮ್ಮ ನೀನು ಎಂದು ತಮ್ಮ ಮನೆಮಾತು ತೆಲುಗಿನಲ್ಲಿ ಕೇಳಿದರು. ಇವರು ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು. ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದರು. ಪಕ್ಕದ ಮನೆಗಳ ಮಗ್ಗಗಳ ಸದ್ದು ಒಂದೊಂದಾಗಿ ನಿಂತು, ಬಾಗಿಲಲ್ಲಿ ನಾಲ್ಕೈದು ಜನ ಬಂದು ನಿಂತರು. ಮೂರನೇ ಸಲ ಓನರಮ್ಮ ಕೂಗಿಯೇ ಹೇಳಿದರು: ಕ್ಯಾಮೆರಾ ಕೆಟ್ಟಿರಲಿಲ್ಲ, ನಿನ್ನ ಸೊಸೆಯ ಮುಖ ಚೆನ್ನಾಗೇ ಬಿದ್ದಿತ್ತು, ತಪ್ಪು ನನ್ನ ಕೈಯದು. ಬೀದಿಗೆಲ್ಲ ಕೇಳಿಸಿತು. ಅವರ ಮುಖ ಕೆಂಪಾಗಿತ್ತು, ಆದರೆ ದನಿ ತಗ್ಗಿಸಲಿಲ್ಲ.

ರಾಟೆ ನಿಂತಿತು. ಮುದುಕಿ ಕೈಯಲ್ಲಿದ್ದ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಸೊಸೆಯ ಕಡೆ ನೋಡಿದರು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಮುದುಕಿ ಕೇಳಿದ್ದು ಇಷ್ಟೇ, “ಈಕೆ ಈಗ ಫೋಟೋ ತೆಗೀತಾಳಾ?” ಕ್ಯಾಮೆರಾ ತೋರಿಸಿ, “ಸೊಸೆನ ನನ್ ಪಕ್ಕಕ್ಕೆ ಕುಂಡ್ರಿಸ್ರಿ.”

“ಮೊದ್ಲು ನಾವಿಬ್ರು,” ಎಂದಳು ಚಿಕ್ಕಮ್ಮ, ಗಂಡನ ಕಡೆ ಕೈ ಮಾಡಿ. “ಆಮೇಲೆ ನೀವು.” ಬಾಗಿಲಲ್ಲಿದ್ದವರು ನಕ್ಕರು. ಚಿಕ್ಕಪ್ಪ ಗುಂಡಿಯಿಂದ ಮೇಲೆದ್ದು ಅಂಗಿ ಹುಡುಕಿದರು.

ಚಿಕ್ಕಮ್ಮ ಒಳಗೆ ಹೋಗಿ ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಂದಾಗ ತಾನೇ ನೇಯ್ದ ಸೀರೆ ಉಟ್ಟಿದ್ದಳು, ಅಂಗಡಿಗೆ ಕೊಡದೆ ಇಟ್ಟುಕೊಂಡ ಒಂದೇ ಸೀರೆಯಂತೆ. ಕಪ್ಪು ಬಿಳುಪಿನಲ್ಲಿ ಬಣ್ಣ ಬರಲ್ಲವಲ್ಲ ಎಂದು ನಾನೆಂದರೆ, ಅಂಚು ಬರುತ್ತಲ್ಲ ಎಂದರು ಓನರಮ್ಮ. ಹನ್ನೆರಡು ಚಿತ್ರ ತೆಗೆದರು. ಗಂಡ ಹೆಂಡತಿಯದು ಐದು, ಅತ್ತೆ ಸೊಸೆಯದು ಎರಡು, ಉಳಿದದ್ದು ಚಿಕ್ಕಮ್ಮನೊಬ್ಬಳದೇ.

ಅಲ್ಲಿಗೇ ಮುಗಿಸಲಿಲ್ಲ. ಈ ಸಲದ ರೀಲು ನಿನ್ನ ಕಣ್ಣೆದುರೇ ತೊಳೆಯುತ್ತೇನೆ ಎಂದು ಬುಟ್ಟಿ ಬಿಚ್ಚಿದರು. ನೀರು ಬಿಸಿಯಿತ್ತು, ಮಣ್ಣಿನ ಹರವಿಯ ನೀರು ತರಿಸಿ ಅದರಲ್ಲಿ ಬಾಟಲಿಗಳನ್ನಿಟ್ಟು ತಣ್ಣಗಾಗಿಸಿದರು. ಎರಡು ಬಾಟಲಿಯನ್ನೂ ಚಿಕ್ಕಮ್ಮನ ಮೂಗಿಗೆ ಹಿಡಿದು ಯಾವುದು ಹುಳಿ ಎಂದು ಕೇಳಿದರು. ಅವಳು ತೋರಿಸಿದಳು. ಹಾಗಾದರೆ ಅದು ಆಮೇಲೆ, ಇದನ್ನು ಮೊದಲು ನೀನೇ ಹಾಕು ಎಂದರು. ಚಿಕ್ಕಮ್ಮ ಒಂದು ಹನಿಯೂ ಚೆಲ್ಲದೆ ಸುರಿದಳು. ಜರಿಯ ಎಳೆ ಹಿಡಿಯುವ ಕೈ ಅದು. ಒಂಬತ್ತು ನಿಮಿಷ ಅವಳೇ ಡಬ್ಬಿ ಅಲ್ಲಾಡಿಸಿದಳು. ನೀರು, ಹೈಪೋ, ಮತ್ತೆ ನೀರು. ಕೊನೆಗೆ ಓನರಮ್ಮ ಸುರುಳಿಯನ್ನು ಮೇಲೆತ್ತಿ ಬಾಗಿಲ ಬೆಳಕಿಗೆ ಹಿಡಿದರು. ಹನ್ನೆರಡು ಚೌಕಗಳಲ್ಲಿ ಹನ್ನೆರಡೂ ಇದ್ದವು. ಚಿಕ್ಕಮ್ಮ ಹತ್ತಿರ ಬಂದು, ಕಪ್ಪು ಮುಖ ಬಿಳಿ ಕೂದಲಿನ ತನ್ನನ್ನೇ ನೋಡಿಕೊಂಡು, “ಬಿದ್ದೀನಿ,” ಎಂದಳು. ಆಗ ಅತ್ತಳು. ಓನರಮ್ಮ ಅವಳನ್ನು ತಡೆಯಲಿಲ್ಲ. ಒದ್ದೆ ರೀಲಿಗೆ ಧೂಳು ಹತ್ತದಂತೆ ಮಗ್ಗದ ಅಡ್ಡಮರಕ್ಕೆ ನೇತುಹಾಕಿ, ಕಾಫಿ ಮಾಡಲು ನನ್ನನ್ನು ಕಳಿಸಿದರು.

ಮುಂದಿನ ವಾರ ಆ ರೀಲನ್ನು ಸ್ಕ್ಯಾನ್ ಮಾಡಿದೆವು. ಚಿಕ್ಕಮ್ಮನ ಮುಖ ಪರದೆ ತುಂಬ ಹಿಗ್ಗಿಸಿ ಓನರಮ್ಮ ಎಷ್ಟೋ ಹೊತ್ತು ನೋಡಿದರು. ಬಚ್ಚಲಲ್ಲಿ ದೊಡ್ಡ ಪ್ರಿಂಟು ಹಾಕಲು ಒಂದು ಇಡೀ ದಿನ ಹಿಡಿಯಿತು; ಸೀರೆಯ ಅಂಚಿನ ಒಂದೊಂದು ಹೂವೂ ಕಾಣುವವರೆಗೆ ಆರು ಹಾಳೆ ಹರಿದೆಸೆದರು. ಈಗ ಆ ಫೋಟೋ ಮೊಳಕಾಲ್ಮೂರಿನಲ್ಲಿ ಮಗ್ಗದ ಎದುರಿನ ಗೋಡೆಯ ಮೇಲಿದೆ. ನಮ್ಮ ಮನೆಯಲ್ಲಿ ಈಗ ಯಾರು ಫೋನು ಎತ್ತಿದರೂ ಚಿಕ್ಕಮ್ಮ ನಡುವೆ ಬಂದು ನಿಲ್ಲುತ್ತಾಳೆ. ಸ್ವಲ್ಪ ಪಕ್ಕಕ್ಕೆ ಸರಿ ಎಂದರೂ ಸರಿಯುವುದಿಲ್ಲ.

ಓನರಮ್ಮ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಹೆಚ್ಚು ದಿನ ಮಲಗಲಿಲ್ಲ. ಕೊನೆಯ ವಾರದವರೆಗೂ ಕುರ್ಚಿ ಹಾಕಿಸಿಕೊಂಡು ಬಚ್ಚಲ ಬಾಗಿಲಲ್ಲಿ ಕೂತು, ನಾನು ಹಾಕಿದ ಪ್ರಿಂಟಿಗೆ ಕಪ್ಪು ಸಾಲದು ಎಂದು ತಿದ್ದುತ್ತಿದ್ದರು. ದಾವಣಗೆರೆಯಿಂದ ಬಂದ ಮಗಳು ಕ್ಯಾಮೆರಾವನ್ನು ತಾನಿಟ್ಟುಕೊಂಡು, ಉಳಿದ ಸಾಮಾನೆಲ್ಲ ನನಗೆ ಕೊಟ್ಟಳು. ನಾನು ಈಗಲೂ ಅದೇ ಮಹಡಿಯಲ್ಲಿದ್ದೇನೆ. ಭಾನುವಾರ ರೀಲು ತೊಳೆಯುತ್ತೇನೆ. ಆದರೆ ನಾನು ಅವರಿಗೆ ಋಣಿಯಾಗಿರುವುದು ಅದಕ್ಕಲ್ಲ, ಯಾವುದಕ್ಕೆಂದು ಹೇಳದೆ ಇದನ್ನು ಮುಗಿಸಲಾರೆ.

ಮೊಳಕಾಲ್ಮೂರಿಗೆ ಹೋಗಿ ಬಂದ ಆ ವರ್ಷ ನನ್ನ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಉಳ್ಳಾರ್ತಿ ಕಡೆಯಿಂದ ಬಸ್ಸಿಗೆ ಬರುತ್ತಿದ್ದಳು. ಶಾಲೆ ಶುರುವಾದ ಹೊಸದರಲ್ಲಿ ಅವಳ ಪ್ರಾಜೆಕ್ಟ್ ಪುಸ್ತಕ ಬೇರೊಬ್ಬಳದರ ನಕಲು ಎಂದು ತಿಳಿದು ನಾನು ಅದನ್ನು ತರಗತಿಯ ಎದುರೇ ಹರಿದುಹಾಕಿದ್ದೆ. ವಾರದೊಳಗೆ ಗೊತ್ತಾಯಿತು, ನಕಲು ಮಾಡಿದವಳು ಇನ್ನೊಬ್ಬಳು. ನಾನು ಸುಮ್ಮನಿದ್ದುಬಿಟ್ಟೆ. ಅವಳಿಗೆ ಒಳ್ಳೆಯ ಅಂಕ ಕೊಟ್ಟರಾಯಿತು, ಮಕ್ಕಳು ಮರೆಯುತ್ತಾರೆ, ವರ್ಷ ಹೇಗೂ ಮುಗಿಯುತ್ತದೆ ಎಂದುಕೊಂಡೆ. ಅವಳು ಆಮೇಲೆ ನನ್ನ ಕ್ಲಾಸಿನಲ್ಲಿ ಕೈ ಎತ್ತುವುದನ್ನು ಬಿಟ್ಟಳು. ಅದನ್ನೂ ನಾನು ನೋಡಿ ನೋಡದಂತಿದ್ದೆ.

ಮೊಳಕಾಲ್ಮೂರಿನಿಂದ ಬಂದ ಮರುದಿನ, ಸೋಮವಾರ, ಹಾಜರಿ ಕರೆದ ಮೇಲೆ ಪುಸ್ತಕ ಮುಚ್ಚಿದೆ. ಅವಳ ಹೆಸರು ಹೇಳಿ, ಎಲ್ಲರಿಗೂ ಕೇಳುವಂತೆ, ಆ ಪ್ರಾಜೆಕ್ಟ್ ಪುಸ್ತಕ ಅವಳದೇ ಸ್ವಂತ ಕೆಲಸವಾಗಿತ್ತು, ಹರಿದದ್ದು ನನ್ನ ತಪ್ಪು, ಗೊತ್ತಾದ ಮೇಲೂ ಹೇಳದಿದ್ದುದು ಇನ್ನೂ ದೊಡ್ಡ ತಪ್ಪು ಎಂದೆ. ಹುಡುಗಿ ಎದ್ದು ನಿಂತಳು.

“ನಿಮಗೆ ಗೊತ್ತಾಗೈತೆ ಅಂತ ನನಗೆ ಗೊತ್ತಿತ್ತು, ಮಿಸ್,” ಎಂದಳು. “ನೀವು ಹೇಳೋದನ್ನೇ ಕಾಯ್ತಿದ್ದೆ.”

ಎಂಟು ತಿಂಗಳು ಕಾದಿದ್ದಳು.

ಸಂಜೆ ಬಂದು ಓನರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡರು. ಎಂಟು ತಿಂಗಳಾ ಎಂದು ಇನ್ನೊಮ್ಮೆ ಕೇಳಿದರು. ಹೌದೆಂದೆ, ತಲೆ ತಗ್ಗಿಸಿ.

“ನಾನು ಮೂವತ್ತೈದು ವರ್ಷ ತಗಂಡೆ,” ಎಂದರು. “ನೀವೇ ವಾಸಿ, ಮಿಸ್ಸೇ. ಇವತ್ತು ಇಲ್ಲೇ ಉಂಬ್ರಿ.” ಅಕ್ಕಿಗೆ ಇನ್ನೊಂದು ಬೊಗಸೆ ಸೇರಿಸಿದರು.